ಕನ್ನಡ ಎಂ.ಎ. ಮಾಡದವನು ಪುಸ್ತಕಕ್ಕೆ ಹೆಸರಿಡಬಹುದೇ?

ಪ್ರಶ್ನೆ: ಮುಧೋಳದಲ್ಲಿ ಬೀಜ-ಗೊಬ್ಬರದ ಅಂಗಡಿ ನಡೆಸುತ್ತೇನೆ, ಓದಿದ್ದು ಬಿ.ಕಾಂ. ಹಂಗಾಮು ಇಲ್ಲದ ದಿನಗಳಲ್ಲಿ ಅಂಗಡಿಯಲ್ಲಿ ಕುಳಿತೇ ಪುಸ್ತಕ ಓದುತ್ತೇನೆ. ಕಳೆದ ಒಂದೂವರೆ ವರ್ಷದಲ್ಲಿ ಓದಿದ ಎಂಟು ಪುಸ್ತಕಗಳ ಬಗ್ಗೆ ಒಂದು ವಹಿಯಲ್ಲಿ ಎರಡೆರಡು ಸಾಲು ಬರೆದಿಟ್ಟಿದ್ದೇನೆ. ‘ತೇಜೋ ತುಂಗಭದ್ರಾ’ ನಾಲ್ಕು ರಾತ್ರಿಯಲ್ಲಿ ಮುಗಿಯಿತು, ಆದರೆ ಅದರಲ್ಲಿ ಇತಿಹಾಸ ಎಷ್ಟೆಂದು ತಿಳಿಯಲಿಲ್ಲ. ‘ಗ್ರಾಮಾಯಣ’ದಲ್ಲಿ ಜನ ಬಹಳ, ನಾಯಕ ಯಾರೆಂದು ಸಿಗಲಿಲ್ಲ. ‘ಗೌರ್ಮೆಂಟ್ ಬ್ರಾಹ್ಮಣ’ದಲ್ಲಿ ಕಹಿ ಹೆಚ್ಚಾಯಿತು, ಪೂರ್ಣ ಆತ್ಮಕಥೆ ಎಂದೂ ಅನ್ನಿಸಲಿಲ್ಲ. ಬಾನು ಮುಷ್ತಾಕ್ ಅವರ ಕತೆಗಳು ನಾಲ್ಕನೆಯದರ ಹೊತ್ತಿಗೆ ಒಂದೇ ರೀತಿ ಕಂಡವು. ವಚನಗಳ ಬಗ್ಗೆ ಏನು ಬರೆಯಬೇಕೋ ತಿಳಿಯದೆ ಪುಟ ಖಾಲಿ ಬಿಟ್ಟಿದ್ದೇನೆ. ಹಣ ಉಳಿಸುವ ಬಗೆ ಹೇಳುವ ಒಂದು ಅನುವಾದ ನಮ್ಮಂಥವರಿಗಲ್ಲ ಎನ್ನಿಸಿತು. ಹಳೆಯ ಪತ್ತೇದಾರಿ ಕಾದಂಬರಿಯೊಂದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಗೊತ್ತಾಗಲಿಲ್ಲ. ಕೊನೆಯದಾಗಿ, ನಮ್ಮೂರಿನ ರನ್ನನ ‘ಗದಾಯುದ್ಧ’ದ ಗದ್ಯಾನುವಾದ ಓದುವಾಗ ಭೀಮನ ಬದಲು ದುರ್ಯೋಧನನಿಗಾಗಿ ಕಣ್ಣು ತುಂಬಿದವು, ಇದು ತಪ್ಪು ಓದೇ? ವಹಿ ನೋಡಿದ ಗೆಳೆಯರು “ಕನ್ನಡ ಎಂ.ಎ. ಮಾಡದವನು ದೊಡ್ಡವರ ಪುಸ್ತಕಕ್ಕೆ ಹೆಸರಿಡುತ್ತಾನೆ” ಎಂದು ನಕ್ಕರು. ನನ್ನಂಥವನ ಅಭಿಪ್ರಾಯಕ್ಕೆ ಬೆಲೆ ಇದೆಯೇ?

ಉತ್ತರ: ಬೆಳಗಾವಿಯ ಪದವಿ ಕಾಲೇಜೊಂದರಲ್ಲಿ 31 ವರ್ಷ ಕನ್ನಡ ಕಲಿಸಿದವನು ನಾನು. ಆ ಅವಧಿಯಲ್ಲಿ ಸಾವಿರಾರು ಉತ್ತರ ಪತ್ರಿಕೆಗಳನ್ನು ತಿದ್ದಿದ್ದೇನೆ. ಒಂದೇ ಗೈಡಿನ ಒಂದೇ ವಾಕ್ಯ, ಅಲ್ಪವಿರಾಮವೂ ತಪ್ಪದಂತೆ, ಒಂದು ಕೊಠಡಿಯ ಅರ್ಧ ಜನರ ಕೈಯಲ್ಲಿ ಬಂದುದನ್ನು ಎಷ್ಟೋ ಬಾರಿ ಕಂಡಿದ್ದೇನೆ. ಅವರಲ್ಲಿ ಅನೇಕರು ಮುಂದೆ ಎಂ.ಎ. ಮಾಡಿದರು. ಅಂಥ ಉತ್ತರಗಳನ್ನು ಓದಿ ದಣಿದವನಿಗೆ ನಿಮ್ಮ ಎರಡೆರಡು ಸಾಲುಗಳು ಸಂತೋಷ ಕೊಟ್ಟವು, ಏಕೆಂದರೆ ಅವು ತಪ್ಪಾದಲ್ಲಿಯೂ ನಿಮ್ಮವೇ ಆಗಿವೆ. ಗೆಳೆಯರಿಗೆ ಉತ್ತರ ಬೇಕಿದ್ದರೆ 9ನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿ ಸಿದ್ಧವಾಗಿದೆ. ಶಾಸ್ತ್ರವನ್ನು ಗುರಿಯಿಟ್ಟು ಓದದೆಯೂ ಕಾವ್ಯದಲ್ಲಿ ಪರಿಣತರಾದವರು ಎಂದು ಅದು ಕೊಂಡಾಡುವ “ಕುರಿತೋದದೆಯುಂ” ಎಂಬ ಮಾತು ವೇದಿಕೆಗಳ ಮೇಲೆ ಸವೆದುಹೋಗಿದೆ, ನಿಜ. ಆದರೆ ಅದೇ ಗ್ರಂಥ ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸುವ ಕಿಸುವೊಳಲು ನಿಮ್ಮ ಜಿಲ್ಲೆಯ ಪಟ್ಟದಕಲ್ಲು, ಒಂಕುಂದವು ನಮ್ಮ ಬೈಲಹೊಂಗಲದ ಕಡೆಯ ಒಕ್ಕುಂದ ಎಂಬುದನ್ನು ವೇದಿಕೆಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಓದಿದ್ದಕ್ಕೆ ಹೆಸರಿಡುವ ಹಕ್ಕು ಈ ನೆಲದವರಿಗೆ ಬಂದು ಸಾವಿರ ವರ್ಷ ದಾಟಿದೆ.

ಆದರೆ ಹಕ್ಕು ಇರುವುದು ಬೇರೆ, ಅಭಿಪ್ರಾಯ ನಿಲ್ಲುವುದು ಬೇರೆ. ನನ್ನ ಮಟ್ಟಿಗೆ ಅಭಿಪ್ರಾಯಕ್ಕೆ ಬೆಲೆ ಬರುವುದು ಎರಡು ಸಂಗತಿಗಳಿಂದ. ನೀವು ಎಲ್ಲಿ ನಿಂತು ನೋಡುತ್ತಿದ್ದೀರಿ ಎಂಬುದನ್ನು ಅದು ಬಿಟ್ಟುಕೊಡಬೇಕು, ಮತ್ತು ಪುಸ್ತಕದ ಯಾವ ಪುಟದಲ್ಲಿ ಹಾಗೆ ಅನ್ನಿಸಿತೆಂದು ತೋರಿಸಬೇಕು. ಉದ್ರಿ ಖಾತೆಯಲ್ಲಿ ಹೆಸರು, ತಾರೀಖು ಇಲ್ಲದೆ ಬರೀ ಮೊತ್ತ ಬರೆದಿಟ್ಟರೆ ಸುಗ್ಗಿಯ ನಂತರ ವಸೂಲಿ ಹೇಗೆ ಆಗುವುದಿಲ್ಲವೋ, “ಹಿಡಿಸಲಿಲ್ಲ” ಎಂಬ ಒಂಟಿ ಮಾತೂ ಹಾಗೆಯೇ. ವರ್ಷದ ನಂತರ ನಿಮಗೇ ಅದರಿಂದ ಏನೂ ಹುಟ್ಟುವುದಿಲ್ಲ. ಈ ದೃಷ್ಟಿಯಿಂದ ನಿಮ್ಮ ಎಂಟರಲ್ಲಿ ಅತ್ಯಂತ ಗಟ್ಟಿಯಾದ ಅಭಿಪ್ರಾಯ ಯಾವುದು ಗೊತ್ತೇ? ಹಣದ ಪುಸ್ತಕದ ಕುರಿತು ಬರೆದುದು. ತಿಂಗಳ ಮೊದಲ ದಿನವೇ ಸಂಬಳ ಕೈಗೆ ಬರುವವನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಸಲಹೆ, ಮುಂಗಾರಿಗೆ ಬೀಜ ಕೊಟ್ಟು ಸುಗ್ಗಿಯವರೆಗೆ ರೊಕ್ಕಕ್ಕಾಗಿ ಕಾಯುವವನಿಗೆ ಹೊಂದುವುದಿಲ್ಲವೆಂಬುದನ್ನು ನಾನು ಆ ಪುಸ್ತಕವನ್ನು ಹತ್ತು ಸಲ ಓದಿದ್ದರೂ ಕಾಣುತ್ತಿರಲಿಲ್ಲ, ಏಕೆಂದರೆ ನಾನೂ ಸಂಬಳದವನೇ. ಅಲ್ಲಿ ತಜ್ಞರು ನೀವು.

‘ತೇಜೋ ತುಂಗಭದ್ರಾ’ದ ವಿಷಯಕ್ಕೆ ಬರುತ್ತೇನೆ. ವಸುಧೇಂದ್ರರ ಈ ಕಾದಂಬರಿ 2019ರಲ್ಲಿ ಬಂದಿತು. ತೇಜೋ ಎಂಬುದು ಲಿಸ್ಬನ್ ನಗರದ ನದಿಯ ಪೋರ್ಚುಗೀಸ್ ಹೆಸರು. ಆ ದಡದ ಬದುಕನ್ನೂ ವಿಜಯನಗರದ ಕಡೆಯ ಬದುಕನ್ನೂ ಕತೆ ಜೋಡಿಸುತ್ತದೆ. ಕತೆಯ ಜನ ಕಲ್ಪಿತರು, ಅವರ ಕಾಲಡಿಯ ನೆಲ ಚರಿತ್ರೆಯದು. ಆ ನೆಲವನ್ನು ಗುರುತಿಸಲು ಕೆಲವೇ ಇಸವಿಗಳು ಸಾಕು. ವಾಸ್ಕೊ ಡ ಗಾಮ ಕಲ್ಲಿಕೋಟೆ ಮುಟ್ಟಿದ್ದು 1498ರಲ್ಲಿ. ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು 1509ರಲ್ಲಿ. ಪೋರ್ಚುಗೀಸರ ಗವರ್ನರ್ ಅಲ್ಬುಕರ್ಕ್ ಗೋವೆಯನ್ನು ಹಿಡಿದದ್ದು 1510ರಲ್ಲಿ. ಈ ಮೂರನೆಯದರಲ್ಲಿ ನಮ್ಮ ಭಾಗದ ಓದುಗನಿಗೆ ವಿಶೇಷ ಆಸಕ್ತಿ ಹುಟ್ಟಬೇಕು, ಏಕೆಂದರೆ ಗೋವೆ ಆಗ ವಿಜಯಪುರದ ಆದಿಲಶಾಹಿಗಳ ಕೈಯಲ್ಲಿತ್ತು. ವರ್ಷದ ಆರಂಭದಲ್ಲಿ ಪೋರ್ಚುಗೀಸರು ಅದನ್ನು ಗೆದ್ದರು, ಮೇ ತಿಂಗಳಲ್ಲಿ ವಿಜಯಪುರದ ಸೈನ್ಯ ಮರಳಿ ಪಡೆಯಿತು, ನವೆಂಬರ್ 25ರಂದು ಅದು ಮತ್ತೆ ಪೋರ್ಚುಗೀಸರ ಪಾಲಾಯಿತು. ಕುದುರೆ ವ್ಯಾಪಾರದ ದಾರಿ ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆ ಈ ಜಗ್ಗಾಟದ ಒಳಗಿತ್ತು. ಲಿಸ್ಬನ್ ಮತ್ತು ಹಂಪಿಗಳ ನಡುವೆ ಓಡಾಡುವ ಕಾದಂಬರಿಯನ್ನು ಈ ಮೂರನೆಯ ಮೂಲೆಯಲ್ಲಿ, ಕೃಷ್ಣೆ-ಘಟಪ್ರಭೆಗಳ ನಡುವೆ ನಿಂತು ಓದುವ ಅವಕಾಶ ನಿಮಗಿದೆ.

ಇಷ್ಟಾದ ಮೇಲೆ “ಇತಿಹಾಸ ಎಷ್ಟು?” ಎಂಬ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಬೇಕೆಂದು ನನ್ನ ಸಲಹೆ. ಐತಿಹಾಸಿಕ ಕಾದಂಬರಿಕಾರನು ಒಬ್ಬ ಅಧಿಕಾರಿಯ ಹೆಸರನ್ನು ಬದಲಿಸಿದರೆ, ಎರಡು ವರ್ಷ ಹಿಂದು-ಮುಂದು ಮಾಡಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಆ ಕಾಲದಲ್ಲಿ ಇರಲಾರದ ವಸ್ತು ಅಥವಾ ಇರಲಾರದ ಮನಸ್ಸು ಕತೆಯೊಳಗೆ ಬಂದರೆ ಮಾತ್ರ ಕಿವಿ ನೆಟ್ಟಗಾಗುತ್ತದೆ. ವಸ್ತುವನ್ನು ಹಿಡಿಯುವುದರಲ್ಲಿ ನಿಮ್ಮ ಅಂಗಡಿ ನನ್ನ ಪುಸ್ತಕದ ಕಪಾಟಿಗಿಂತ ಹೆಚ್ಚು ಉಪಯುಕ್ತ. ಮೆಣಸಿನಕಾಯಿ, ಶೇಂಗಾ, ಗೋವಿನಜೋಳ, ಸೂರ್ಯಕಾಂತಿ, ಟೊಮ್ಯಾಟೊ, ಆಲೂಗಡ್ಡೆ ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ಯುರೋಪಿನ ಹಡಗುಗಳು ಅವನ್ನು ಈ ಕಡೆಗೆ ತಂದ ಮೇಲೆಯೇ ನಮ್ಮ ಹೊಲಕ್ಕಿಳಿದವು. ಯಾವುದೇ ಕಾದಂಬರಿಯಲ್ಲಿ 1490ರ ಹಂಪಿಯ ಅಡುಗೆಮನೆಯಿಂದ ಕೆಂಪು ಖಾರದ ಘಾಟು ಬಂದರೆ, ಜೋಳದ ರೊಟ್ಟಿಯ ಮಗ್ಗುಲಿಗೆ ಶೇಂಗಾ ಹಿಂಡಿ ಕುಳಿತಿದ್ದರೆ, ಲೇಖಕ ತನ್ನ ಮನೆಯ ತಾಟನ್ನೇ ಹಿಂದಕ್ಕೆ ಸಾಗಿಸಿದ್ದಾನೆಂದು ನೀವು ಧೈರ್ಯವಾಗಿ ಬರೆಯಬಹುದು. ರೊಟ್ಟಿಗೆ ಆಕ್ಷೇಪವಿಲ್ಲ, ಜೋಳ ಆಗಲೂ ಇತ್ತು. ಮನಸ್ಸನ್ನು ಹಿಡಿಯುವುದು ಕಷ್ಟ. ಐನೂರು ವರ್ಷ ಹಿಂದಿನ ಪಾತ್ರವೊಂದು ಇಂದಿನ ಸಭಿಕನಂತೆ ಮಾತನಾಡಿದ ಕಡೆಗಳಲ್ಲಿ ಪುಟದ ಸಂಖ್ಯೆ ಬರೆದಿಟ್ಟುಕೊಂಡು ಹೋಗಿ. ಪುಸ್ತಕ ಮುಗಿದ ಮೇಲೆ ಅಂಥ ಪುಟಗಳು ಮೂರಿದ್ದರೆ ಒಂದು ಮಾತು, ಮೂವತ್ತಿದ್ದರೆ ಬೇರೆ ಮಾತು. ಇದೇ ರುಚಿ ಮುಂದುವರಿಯಬೇಕೆಂದರೆ ಗಿರೀಶ ಕಾರ್ನಾಡರ ‘ರಾಕ್ಷಸ ತಂಗಡಿ’ ನಾಟಕ ಓದಿ. 1565ರ ಜನವರಿಯಲ್ಲಿ ವಿಜಯನಗರವನ್ನು ಮುರಿದ ಕಾಳಗವನ್ನು ನಾವು ತಾಳಿಕೋಟೆಯ ಹೆಸರಿನಿಂದ ಕರೆಯುತ್ತೇವೆ. ನಾಟಕದ ಹೆಸರು ಕೃಷ್ಣೆಯ ದಂಡೆಯ ಹಳ್ಳಿಗಳನ್ನು ನೆನೆಯುತ್ತದೆ.

‘ಗ್ರಾಮಾಯಣ’ದಲ್ಲಿ ನಾಯಕ ಸಿಗಲಿಲ್ಲ ಎಂದಿದ್ದೀರಿ. ನೀವು ನೋಡಿದ್ದು ಸರಿ, ಅದನ್ನು ದೋಷವೆಂದು ಬರೆದದ್ದು ಮಾತ್ರ ಅವಸರ. ರಾವಬಹಾದ್ದೂರರು (ಅವರ ನಿಜನಾಮ ಆರ್. ಬಿ. ಕುಲಕರ್ಣಿ) ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ: ರಾಮನ ಅಯನವಲ್ಲ, ಗ್ರಾಮದ ಅಯನ. ಪಾದಳ್ಳಿ ಎಂಬ ಊರೇ ಅಲ್ಲಿ ನಾಯಕ, ಅದು ಒಳಗಿನಿಂದ ಕೊಳೆಯುತ್ತಾ ಹೋಗುವುದೇ ಕತೆ. ಒಬ್ಬ ಮನುಷ್ಯನ ಬೆನ್ನು ಹಿಡಿದು ಹೋಗುವ ಕಾದಂಬರಿಗಳಿಂದ ರೂಢಿಯಾದ ಕಣ್ಣಿಗೆ ಇದು ಮೊದಲು ಗದ್ದಲವಾಗಿ ಕಾಣುತ್ತದೆ. ಹೊಸ ಊರಿಗೆ ವರ್ಗವಾಗಿ ಬಂದ ಮಾಸ್ತರನಿಗೆ ಮೊದಲ ತಿಂಗಳು ಯಾರು ಯಾರ ಮನೆಯವರೆಂದು ತಿಳಿಯದ ಹಾಗೆ. ನಾನು ಮೊದಲ ಸಲ ಓದಿದಾಗ ಒಂದು ಹಾಳೆಯ ಮೇಲೆ ಓಣಿ ಓಣಿಯಾಗಿ ಹೆಸರು ಬರೆದುಕೊಂಡಿದ್ದೆ. ನೂರು ಪುಟವಾದ ಮೇಲೆ ಆ ಹಾಳೆಯ ಅಗತ್ಯ ಬೀಳಲಿಲ್ಲ. ಜನ ಕಡಿಮೆಯಿರುವ, ಒಂದು ಮನೆತನದ ಒಳಗೇ ನಿಲ್ಲುವ ಕೃತಿ ಬೇಕಿದ್ದರೆ ಶೇಡಬಾಳದ ಮಿರ್ಜಿ ಅಣ್ಣಾರಾಯರ ‘ನಿಸರ್ಗ’ ಇದೆ. ಗಡಿಭಾಗದ ಜೈನ ಒಕ್ಕಲು ಮನೆತನದ ಮಾತು, ಮದುವೆ, ಮನಸ್ತಾಪಗಳು ಅದರಲ್ಲಿರುವಷ್ಟು ಸಹಜವಾಗಿ ನಮ್ಮ ಕಡೆಯ ಬೇರೆ ಕಾದಂಬರಿಯಲ್ಲಿ ನನಗೆ ಸಿಕ್ಕಿಲ್ಲ. ಇದು ನನ್ನ ಪಕ್ಷಪಾತವೂ ಇರಬಹುದು.

‘ಗೌರ್ಮೆಂಟ್ ಬ್ರಾಹ್ಮಣ’ದ ವಿಷಯದಲ್ಲಿ ನಾನು ನಿಮ್ಮನ್ನು ಒಪ್ಪಲಾರೆ, ಮತ್ತು ಏಕೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅರವಿಂದ ಮಾಲಗತ್ತಿಯವರು ಮುದ್ದೇಬಿಹಾಳದವರು. ಅವರ ಈ ಪುಸ್ತಕವನ್ನು ಕನ್ನಡದ ಮೊದಲ ದಲಿತ ಆತ್ಮಕಥೆಯೆಂದು ಗುರುತಿಸುತ್ತಾರೆ. ಹೆಸರು ಅವರು ತಾವಾಗಿ ಕಟ್ಟಿಕೊಂಡ ಬಿರುದಲ್ಲ. ಮೀಸಲಾತಿ ಪಡೆದವರನ್ನು ಚುಚ್ಚಲು ಬಳಸುತ್ತಿದ್ದ ಮಾತನ್ನೇ ಎತ್ತಿ ಮುಖಪುಟದ ಮೇಲೆ ಇಟ್ಟಿದ್ದಾರೆ. ಪುಸ್ತಕ ಹುಟ್ಟಿನಿಂದ ಇಂದಿನವರೆಗೆ ಸಾಲಾಗಿ ಸಾಗುವುದಿಲ್ಲ, ಬಿಡಿ ಬಿಡಿ ಪ್ರಸಂಗಗಳಾಗಿ ಬರುತ್ತದೆ ಎಂಬ ನಿಮ್ಮ ಗಮನಿಕೆ ನೂರಕ್ಕೆ ನೂರು ಸರಿ. ಆದರೆ ಅದರಿಂದ ಅದು “ಪೂರ್ಣವಲ್ಲ” ಎಂದು ತೀರ್ಮಾನಿಸುವಾಗ ನೀವು ಬೇರೊಂದು ಬಗೆಯ ಆತ್ಮಕಥೆಯ ಮೊಳಕೋಲನ್ನು ತಂದಿದ್ದೀರಿ: ಮನೆತನದ ಇತಿಹಾಸ, ವಿದ್ಯಾಭ್ಯಾಸ, ನೌಕರಿ, ಸನ್ಮಾನ, ನಿವೃತ್ತಿ. ಅವಮಾನ ಹಾಗೆ ವರ್ಷವಾರು ನೆನಪಾಗುವುದಿಲ್ಲ. ಒಂದು ಬಾವಿ, ಒಂದು ಶಾಲೆಯ ಅಂಗಳ, ಒಂದು ಮಾತು, ಹೀಗೆ ಮುರಿದ ತುಂಡುಗಳಾಗಿಯೇ ಅದು ಮನಸ್ಸಿನಲ್ಲಿ ಉಳಿಯುತ್ತದೆ, ಪುಸ್ತಕದ ಆಕಾರ ಅದಕ್ಕೆ ತಕ್ಕಂತಿದೆ.

ಇನ್ನು ಕಹಿಯ ಮಾತು. ಯಾವ ಪುಟದಲ್ಲಿ ಕಹಿ ಹೆಚ್ಚಾಯಿತೆಂದು ನೀವು ಬರೆದಿಲ್ಲ. ಆ ಪುಟವನ್ನು ಮತ್ತೆ ತೆರೆಯಿರಿ. ಅಲ್ಲಿ ನಡೆದದ್ದು ನಡೆಯಬಾರದಿತ್ತು ಎನ್ನಿಸಿತೇ, ಅಥವಾ ನಡೆದದ್ದನ್ನು ಹೇಳಬಾರದಿತ್ತು ಎನ್ನಿಸಿತೇ? ಮೊದಲನೆಯದಾದರೆ ಪುಸ್ತಕ ತನ್ನ ಕೆಲಸ ಮಾಡಿದೆ. ಎರಡನೆಯದಾದರೆ ನಿಮ್ಮ ವಹಿಯಲ್ಲಿ ಪುಸ್ತಕದ ಬಗ್ಗೆ ಅಲ್ಲ, ನಿಮ್ಮ ಬಗ್ಗೆ ಒಂದು ಸಾಲು ಬರೆಯಬೇಕಾಗುತ್ತದೆ. ಅದೂ ನಿಜವಾದ ಅಭಿಪ್ರಾಯವೇ, ಬರೆಯುವುದು ಕಷ್ಟ ಅಷ್ಟೇ. ಇದರ ಜೊತೆಗೆ ಸಿದ್ಧಲಿಂಗಯ್ಯನವರ ‘ಊರು ಕೇರಿ’ಯನ್ನೂ ಓದಿ. ಅಲ್ಲಿ ಅದೇ ಲೋಕ ನಗೆಯ ಮೂಲಕ ಬರುತ್ತದೆ. ಆದರೆ ಅದನ್ನು ಓದಿದ ಕೂಡಲೇ “ನೋಡಿ, ಇವರು ಹೇಗೆ ನಗುತ್ತಾ ಹೇಳಿದ್ದಾರೆ” ಎಂದು ಮಾಲಗತ್ತಿಯವರಿಗೆ ಪಾಠ ಹೇಳಲು ಹೋಗಬೇಡಿ. ಪ್ರಾಧ್ಯಾಪಕರಾದ ನಾವೇ ಈ ತಪ್ಪನ್ನು ವರ್ಗಗಳಲ್ಲಿ ಬೇಕಾದಷ್ಟು ಮಾಡಿದ್ದೇವೆ.

ಬಾನು ಮುಷ್ತಾಕ್ ಅವರ ಕತೆಗಳನ್ನು ನೀವು ಒಂದೇ ಮಧ್ಯಾಹ್ನ ಓದಿರಬೇಕೆಂದು ನನ್ನ ಊಹೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ‘ಹಾರ್ಟ್ ಲ್ಯಾಂಪ್’ ಎಂಬುದು ಮೂವತ್ತಕ್ಕೂ ಹೆಚ್ಚು ವರ್ಷಗಳ ಬರವಣಿಗೆಯಿಂದ ಆಯ್ದ 12 ಕತೆಗಳ, ದೀಪಾ ಭಾಸ್ತಿಯವರು ಮಾಡಿದ ಇಂಗ್ಲಿಷ್ ಅನುವಾದ. ಮೂರು ದಶಕದಲ್ಲಿ ಬರೆದುದನ್ನು ಮೂರು ತಾಸಿನಲ್ಲಿ ಓದಿದರೆ ಒಂದೇ ನೋವು ಮತ್ತೆ ಮತ್ತೆ ಬಂದಂತೆ ಕಾಣುವುದು ಸಹಜ, ಮತ್ತು ಲೇಖಕಿ ಆ ನೋವಿಗೆ ಬೇಕೆಂತಲೇ ಮರಳುತ್ತಾರೆಂಬುದೂ ನಿಜ. ದಿನಕ್ಕೆ ಒಂದು ಕತೆಯಂತೆ ಓದಿ. ಓದುವಾಗ ಏನು ನಡೆಯಿತೆಂಬುದಕ್ಕಿಂತ ಯಾರು ಹೇಳುತ್ತಿದ್ದಾರೆ, ನಗೆ ಎಲ್ಲಿ ನುಸುಳಿತು ಎಂಬುದರ ಕಡೆ ಗಮನವಿರಲಿ. ಆಗಲೂ ಒಂದೇ ರೀತಿ ಕಂಡರೆ ನಿಮ್ಮ ಸಾಲನ್ನು ಅಳಿಸಬೇಕಾಗಿಲ್ಲ.

ಪತ್ತೇದಾರಿಯನ್ನು ಖಂಡಿತ ಲೆಕ್ಕಕ್ಕೆ ಹಿಡಿಯಿರಿ. ಶಾಲೆಯಲ್ಲಿ ಹೆಚ್ಚು ಓದದ ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದರು. ನನ್ನ ತಲೆಮಾರಿನ ಎಷ್ಟೋ ಜನಕ್ಕೆ, ನನಗೂ ಸಹ, ಪುಟ ತಿರುಗಿಸುವ ಚಟ ಹತ್ತಿದ್ದು ಅಲ್ಲಿಯೇ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಕೊನೆಯಲ್ಲಿ ಬಯಲಾದ ಗುಟ್ಟಿನ ಎಳೆ ಮೊದಲೇ ನಿಮ್ಮ ಕಣ್ಣೆದುರು ಇತ್ತೇ, ಅಥವಾ ಲೇಖಕ ಅದನ್ನು ಕೊನೆಯವರೆಗೂ ಜೇಬಿನಲ್ಲಿ ಮುಚ್ಚಿಟ್ಟುಕೊಂಡಿದ್ದನೇ?

ವಚನಗಳ ಎದುರು ಪುಟ ಖಾಲಿ ಬಿಟ್ಟದ್ದನ್ನು ನಾನು ತಪ್ಪೆನ್ನುವುದಿಲ್ಲ. ಒಂದು ವಚನ ಚೆನ್ನಾಗಿದೆ, ಇನ್ನೊಂದು ಸಾಧಾರಣ ಎಂದು ಅಂಕ ಹಾಕುವುದು ನನಗೂ ಸಂಕೋಚದ ಕೆಲಸ. ಆದರೆ ನಿಮ್ಮ ಕೈಗೆ ಬಂದದ್ದು ವಚನಗಳು ಮಾತ್ರವಲ್ಲ, ಯಾರೋ ಆಯ್ದು, ಜೋಡಿಸಿ, ಅರ್ಥ ಬರೆದ ಒಂದು ಪುಸ್ತಕ. ಆ ಆಯ್ಕೆ ಮತ್ತು ಆ ಅರ್ಥದ ಬಗ್ಗೆ ಧಾರಾಳವಾಗಿ ಬರೆಯಬಹುದು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗರಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಅದು ಅಚ್ಚಾದದ್ದು ನಮ್ಮ ಬೆಳಗಾವಿಯಲ್ಲಿ. ಮುಂದೆ ಅವರು ವಿಜಯಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯವನ್ನು ಹಾಕಿದರು. ಓಲೆಗರಿಯಿಂದ ಓಲೆಗರಿಗೆ ಪಾಠ ಬದಲಾಗುವುದರಿಂದ ಒಂದೇ ವಚನ ಎರಡು ಪುಸ್ತಕಗಳಲ್ಲಿ ಎರಡು ಬಗೆಯಾಗಿ ಕಂಡೀತು. ಯಾವುದೋ ಸಾಲು ತೊಡರಿದಂತೆ ಅನ್ನಿಸಿದರೆ, ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರಕಾರ ಹೊರತಂದ 15 ಸಂಪುಟಗಳ ಸಮಗ್ರ ವಚನ ಮಾಲೆ ಗ್ರಂಥಾಲಯದಲ್ಲಿ ಸಿಕ್ಕರೆ ಅದರೊಡನೆ ಹೋಲಿಸಿ. ಖಾಲಿ ಪುಟ ತಾನಾಗಿ ತುಂಬುತ್ತದೆ.

ಇನ್ನು ನಿಮ್ಮೂರಿನ ಕವಿ. ದುರ್ಯೋಧನನಿಗಾಗಿ ಅತ್ತವರಲ್ಲಿ ನೀವು ಮೊದಲಿಗರಲ್ಲ. ಬಿ. ಎಂ. ಶ್ರೀಕಂಠಯ್ಯನವರು ಈ ಕಾವ್ಯದಲ್ಲಿ ದುರಂತ ನಾಯಕನೊಬ್ಬನನ್ನು ಕಂಡು, ರನ್ನನ ಪದ್ಯಗಳಿಂದಲೇ ‘ಗದಾಯುದ್ಧ ನಾಟಕಂ’ ಕಟ್ಟಿದರು. ನಾಯಕ ಭೀಮನೇ ದುರ್ಯೋಧನನೇ ಎಂಬ ಚರ್ಚೆ ಅಂದಿನಿಂದ ಪಂಡಿತರ ನಡುವೆ ನಿಂತಿಲ್ಲ. ಬಳೆಗಾರರ ಮನೆತನದಲ್ಲಿ ಹುಟ್ಟಿ ಚಾಲುಕ್ಯರ ಆಸ್ಥಾನ ಸೇರಿದ ರನ್ನನಿಗೆ ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆಯುವ ಹೊಣೆಯಿತ್ತು. ‘ಸಾಹಸಭೀಮ ವಿಜಯ’ ಎಂಬ ಕಾವ್ಯದ ಇನ್ನೊಂದು ಹೆಸರೇ ಅದನ್ನು ಹೇಳುತ್ತದೆ. ಆದರೆ ರಣಭೂಮಿಯಲ್ಲಿ ಹೆಣಗಳ ನಡುವೆ ಸಂಜಯನೊಡನೆ ನಡೆದು, ಶತ್ರುವಿನ ಮಗನಾದ ಅಭಿಮನ್ಯುವಿನ ಎದುರು ನಿಂತು ಅಂಥ ಸಾವು ತನಗೂ ಬರಲೆಂದು ಬಯಸುವವನು, ಕರ್ಣನನ್ನು ಕಂಡು ಕುಸಿಯುವವನು ದುರ್ಯೋಧನ. ಭೀಮನಿಗೆ ಅಬ್ಬರ ಸಿಕ್ಕಿದೆ, ದುರ್ಯೋಧನನಿಗೆ ಒಳಗಿನ ಮಾತು ಸಿಕ್ಕಿದೆ. ನೀವು ಅತ್ತದ್ದು ಯಾರ ತಪ್ಪೂ ಅಲ್ಲ, ಅಥವಾ ತಪ್ಪಿದ್ದರೆ ಅದು ರನ್ನನದು.

ಆದರೂ ಇಲ್ಲಿ ನನ್ನದೊಂದು ಆಕ್ಷೇಪವಿದೆ: ನೀವು ಗದ್ಯಾನುವಾದದಲ್ಲಿ ನಿಂತುಬಿಟ್ಟಿದ್ದೀರಿ. ಮುಧೋಳದವರು ನಿಲ್ಲಬಾರದು. ಇಡೀ ಕಾವ್ಯ ಬೇಡ. ಭೀಷ್ಮನ ಸಲಹೆಯಂತೆ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದಾಗ ದಂಡೆಯಿಂದ ಭೀಮ ಗರ್ಜಿಸುವ ಭಾಗವನ್ನು ಮಾತ್ರ ಮೂಲದಲ್ಲಿ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಗಟ್ಟಿಯಾಗಿ ಓದಿ. “ಆ ರವಮಂ ನಿರ್ಜಿತಕಂಠೀರವರವಮಂ ನಿರಸ್ತಘನರವಮಂ” ಎಂದು ರನ್ನ ಸದ್ದಿನ ಮೇಲೆ ಸದ್ದನ್ನು ಪೇರಿಸುತ್ತಾನೆ. ಸಿಂಹದ ದನಿಯನ್ನೂ ಗುಡುಗನ್ನೂ ಸೋಲಿಸಿದ ಆ ಕೂಗು ಅರ್ಥ ತಿಳಿಯುವ ಮೊದಲೇ ಕಿವಿಗೆ ಬಡಿಯುತ್ತದೆ. ಪದ್ಯ ಮುಗಿಯುವುದು “ನೀರೊಳಗಿರ್ದುಂ ಬೆಮರ್ತನುರಗಪತಾಕಂ” ಎಂದು: ನೀರಿನೊಳಗಿದ್ದೂ ಸರ್ಪಧ್ವಜನು, ಅಂದರೆ ದುರ್ಯೋಧನನು, ಬೆವೆತನು. ಅನೇಕರು ಇದನ್ನು ಅಂಜಿಕೆಯ ಬೆವರೆಂದೇ ವಿವರಿಸುತ್ತಾರೆ. ಆದರೆ ಅದಕ್ಕೆ ಸ್ವಲ್ಪ ಮೊದಲು ರನ್ನ ಅವನನ್ನು “ಕೋಪಾರುಣನೇತ್ರಂ” ಎಂದು ಕರೆದಿದ್ದಾನೆ, ಅಂದರೆ ಸಿಟ್ಟಿನಿಂದ ಕಣ್ಣು ಕೆಂಪಾದವನು. ನಿಮ್ಮ ಕೈಯಲ್ಲಿರುವ ಅನುವಾದದಲ್ಲಿ ಆ ಸಿಟ್ಟು ಉಳಿದಿದೆಯೋ, ಬರೀ ಬೆವರು ಉಳಿದಿದೆಯೋ ನೋಡಿ, ಪುಟದ ಸಂಖ್ಯೆಯೊಡನೆ ವಹಿಯಲ್ಲಿ ಬರೆದುಕೊಳ್ಳಿ.